ಕಿವಿಕಡ್ಡಿ ಬಿಡಿ, ಹೊಳೆಗೆ ಕರೆದುಕೊಂಡು ಹೋಗಿ

ಪತ್ರದ ಸಾರ: ‘ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಐದು ವರ್ಷದ ಮಗಳ ಕಿಂಡರ್‌ನಲ್ಲಿ (ಶಿಶುವಿಹಾರ) ಮೇ ಕೊನೆಗೆ ರೆಕನ್ಸಿಲಿಯೇಶನ್ ವಾರ, ಅಂದರೆ ಮೂಲನಿವಾಸಿಗಳ ಜೊತೆ ಸಾಮರಸ್ಯದ ವಾರ. ಇಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಸಂಸ್ಕೃತಿಯ ಬಗ್ಗೆ ಮನೆಯಲ್ಲೂ ಏನಾದರೂ ಮಾಡಿಸಿ ಅಂದಿದ್ದಾರೆ. ರಟ್ಟಿನ ಬೂಮರಾಂಗ್ ಕತ್ತರಿಸಿ, ಕಿವಿಕಡ್ಡಿಯಲ್ಲಿ ಬಣ್ಣದ ಚುಕ್ಕಿ ಇಡಿಸೋಣ ಅಂತಿದ್ದೇನೆ. ಸಾಕಾ? ಹಾಸನದಿಂದ ಬಂದಿರುವ ಅತ್ತೆ, ಕನ್ನಡ ಕಲಿಸೋದೇ ಕಷ್ಟ, ಇದೆಲ್ಲ ಯಾಕೆ ಅಂತಾರೆ.’

ಸಹೋದರಿ,

ನಿಮ್ಮ ಪತ್ರ ಓದಿ ನನಗೇ ನಾಚಿಕೆಯಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳ ಪುಟದಲ್ಲಿ ಇದೇ ಚುಕ್ಕಿ ಚಿತ್ರವನ್ನು ‘ಬಣ್ಣ ತುಂಬಿರಿ’ ಎಂದು ಹಾಕಿದ್ದೆವು. ಹಾಕಿದವನು ನಾನೇ. ಆಗ ಏನೂ ತಪ್ಪು ಅನ್ನಿಸಿರಲಿಲ್ಲ.

ಆ ಚುಕ್ಕಿ ಚಿತ್ರ ನಿಮ್ಮ ಊರಿನದೇ ಅಲ್ಲ. ಕ್ಯಾನ್ವಾಸ್ ಮೇಲೆ ನಾವು ಇವತ್ತು ನೋಡುವ ಶೈಲಿ ಬೆಳೆದಿದ್ದು ಮರುಭೂಮಿಯ ಪಾಪುನ್ಯಾ ಎಂಬ ಊರಲ್ಲಿ, 1971ರಿಂದೀಚೆಗೆ. ಅದು ಮೆಲ್ಬರ್ನ್‌ನಿಂದ ಸುಮಾರು 2000 ಕಿಲೋಮೀಟರ್ ದೂರ. ಅದರಲ್ಲಿ ಎಷ್ಟೋ ಗುರುತುಗಳು ಒಂದೊಂದು ಕುಲಕ್ಕೆ ಸೇರಿದ ಪವಿತ್ರ ಕಥೆಗಳು. ಹೊರಗಿನವರ ಕಣ್ಣಿಗೆ ಬೀಳಬಾರದು ಅಂತ ಕೆಲವನ್ನು ಚುಕ್ಕಿಗಳಿಂದಲೇ ಮುಚ್ಚಿದ್ದೂ ಉಂಟು. ನಮ್ಮ ಕರಾವಳಿಯ ನಾಗಮಂಡಲವನ್ನು ಯಾರೋ ಊಟದ ತಟ್ಟೆ ಕೆಳಗೆ ಹಾಸುವ ಹಾಳೆಯ ಮೇಲೆ ಅಚ್ಚು ಹಾಕಿಸಿ, ಮಕ್ಕಳಿಗೆ ಕ್ರೆಯಾನ್ ಕೊಟ್ಟರೆ ಹೇಗಿರುತ್ತೆ? ಅತ್ತೆಯವರನ್ನು ಕೇಳಿ ನೋಡಿ.

ಹಾಗಾದರೆ ಏನು ಮಾಡಿಸೋದು? ಮಗು ನಿಂತ ನೆಲದಿಂದ ಶುರು ಮಾಡಿ. ಮೆಲ್ಬರ್ನಿನ ಬಹುಭಾಗ ವುರುಂಜೆರಿ ಜನರ ನಾಡು. ಊರಲ್ಲಿ ಹರಿಯುವ ಯಾರಾ ನದಿಗೆ ಅವರು ಕರೆಯುವ ಹೆಸರು ಬಿರ್ರಾರುಂಗ್. ಮಂಜು, ನೆರಳುಗಳ ಹೊಳೆ ಅಂತ ಅರ್ಥ ಹೇಳುತ್ತಾರೆ. ಮೇ ತಿಂಗಳ ಒಂದು ಬೆಳಿಗ್ಗೆ ಮಗಳನ್ನು ದಂಡೆಗೆ ಕರೆದುಕೊಂಡು ಹೋಗಿ. ಮಂಜು ಎದುರಿಗೇ ಇರುತ್ತೆ, ಹೆಸರನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಜೊತೆಗೆ ‘ವೊಮಿನ್‌ಜೆಕಾ’ ಕಲಿಸಿ. ಬನ್ನಿ, ಸ್ವಾಗತ ಅಂತ.

ಇಲ್ಲಿ ಅತ್ತೆಯವರೇ ನಿಮ್ಮ ಟೀಚರ್. ನಾಲ್ಕು ಋತು ಅನ್ನುವುದು ಇಂಗ್ಲೆಂಡಿನಿಂದ ಬಂದ ಲೆಕ್ಕ. ವುರುಂಜೆರಿ ಜನರ ಪಂಚಾಂಗದಲ್ಲಿ ಏಳು. ಈಲ್ ಮೀನಿನ ಕಾಲ, ಆರ್ಕಿಡ್ ಕಾಲ, ಗೊದಮೊಟ್ಟೆಯ ಕಾಲ, ಹೀಗೆ. ಏಪ್ರಿಲ್‌ನಿಂದ ಜುಲೈವರೆಗೆ ‘ವಾರಿಂಗ್’, ಅಂದರೆ ಬಿಲ ತೋಡಿ ಬದುಕುವ ವೊಂಬ್ಯಾಟ್ ಎಂಬ ಪ್ರಾಣಿಯ ಕಾಲ. ಬಿಸಿಲು ಕಾಯಿಸಲು ವೊಂಬ್ಯಾಟ್ ಬಿಲದಿಂದ ಹೊರಗೆ ಬರುತ್ತೆ. ಕ್ಯಾಲೆಂಡರ್ ನೋಡಿ ಋತು ಹೇಳುವುದಲ್ಲ, ಸುತ್ತಮುತ್ತ ನೋಡಿ ಹೇಳುವುದು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ಎಣಿಸುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಒಂದು ದೊಡ್ಡ ರಟ್ಟಿನ ಮೇಲೆ ಚಕ್ರ ಬರೆದು ಒಳಗೆ ಅತ್ತೆಯ ಮಳೆ ನಕ್ಷತ್ರ, ಹೊರಗೆ ಈ ಏಳು ಕಾಲ ಬರೆಯಿರಿ. ಮಗಳು ಅಂಗಳದಲ್ಲಿ ಸಿಕ್ಕ ಎಲೆ, ಗರಿ, ತೊಗಟೆ ತಂದು ಅಂಟಿಸಲಿ. ವರ್ಷಪೂರ್ತಿ ಅಂಟಿಸಲಿ, ಒಂದೇ ವಾರಕ್ಕೆ ಮುಗಿಸಬೇಡಿ.

ರಾತ್ರಿ ಆಟವೂ ಇದೆ. ನಕ್ಷತ್ರ ಬಿಟ್ಟು ಕತ್ತಲನ್ನು ನೋಡುವ ಆಟ. ಊರ ದೀಪಗಳಿಂದ ದೂರ ಹೋದಾಗ ಆಕಾಶಗಂಗೆಯ ಕಪ್ಪು ಭಾಗ ನೋಡಿ. ದಕ್ಷಿಣ ಶಿಲುಬೆ ನಕ್ಷತ್ರಗಳ ಪಕ್ಕದ ಕಪ್ಪು ಮಚ್ಚೆಯೇ ಎಮು ಹಕ್ಕಿಯ ತಲೆ, ಉದ್ದ ಕತ್ತು ಆಮೇಲೆ ಸಿಗುತ್ತೆ. ಇದು ನ್ಯೂ ಸೌತ್ ವೇಲ್ಸ್‌ನ ಕಮಿಲರೋಯಿ ಜನರ ಕಥೆ, ಅವರ ಹೆಸರು ಹೇಳಿಯೇ ತೋರಿಸಿ. ಎಮು ಓಡುವ ಹಾಗೆ ಕಂಡರೆ ಹಕ್ಕಿ ಮೊಟ್ಟೆ ಇಡುವ ಕಾಲ ಬಂತು ಅಂತ ಅವರ ಲೆಕ್ಕ. ಓಡಿ ಆಡಬೇಕಾದರೆ ಕ್ವೀನ್ಸ್‌ಲ್ಯಾಂಡ್‌ನ ‘ಕೀಂಟಾನ್’ ಇದೆ. ಎದುರಾಳಿ ತಂಡಕ್ಕೆ ಸಿಗದ ಹಾಗೆ ಚೆಂಡು ಎಸೆಯುವುದು, ಹಿಡಿಯುವವರು ಕಾಂಗರೂ ಥರ ನೆಗೆಯುವುದು. ಡಿಜೆರಿಡೂ ತಂದು ಊದಿಸುವುದು ಮಾತ್ರ ಬೇಡ. ಅದು ಉತ್ತರ ಆಸ್ಟ್ರೇಲಿಯಾದ ವಾದ್ಯ, ಯಾರು ನುಡಿಸಬೇಕು ಅನ್ನೋದಕ್ಕೆ ಅಲ್ಲಿ ನಿಯಮಗಳಿವೆ.

ಮಳೆ ಬಂದ ದಿನ ಮೆಲ್ಬರ್ನ್ ಮ್ಯೂಸಿಯಂನಲ್ಲಿ ಅಬೊರಿಜಿನಲ್ ಸಂಸ್ಕೃತಿಗೇ ಇರುವ ವಿಭಾಗ ಬುಂಜಿಲಾಕಾಗೆ ಹೋಗಿ. ಕಥೆ ಹೇಳುವಾಗ ‘ಒಂದಾನೊಂದು ಕಾಲದಲ್ಲಿ ಇಲ್ಲಿ ಅಬೊರಿಜಿನಲ್ ಜನ ಇದ್ದರು’ ಅನ್ನಬೇಡಿ. ಇದ್ದಾರೆ. 2021ರ ಲೆಕ್ಕದಲ್ಲಿ ದೇಶದ ಜನರಲ್ಲಿ 3.8% ಅವರು ಮತ್ತು ಟೊರೆಸ್ ಜಲಸಂಧಿಯ ದ್ವೀಪಗಳ ಜನ. ನಿಮ್ಮ ಮಗಳ ಪಕ್ಕದಲ್ಲಿ ಕೂರುವ ಮಗುವೇ ಆಗಿರಬಹುದು.

ಇನ್ನು ಅತ್ತೆಯವರ ಪ್ರಶ್ನೆ. ಅದು ಹಗುರವಾದದ್ದಲ್ಲ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಆಮೇಲೆ ಸರ್ಕಾರಗಳೇ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋದವು. ತಾಯಿಭಾಷೆ ಆಡಿದರೆ ಶಿಕ್ಷೆ. ಅದಕ್ಕೆ ದೇಶ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಇವತ್ತು ವುರುಂಜೆರಿ ಜನ ತಮ್ಮ ವೊಯ್‌ವುರ್ರುಂಗ್ ನುಡಿಯನ್ನು ಒಂದೊಂದೇ ಪದ ಹೆಕ್ಕಿ ಮಕ್ಕಳ ಬಾಯಿಗೆ ಮರಳಿ ತರುತ್ತಿದ್ದಾರೆ. ಮೊಮ್ಮಗಳ ಕನ್ನಡ ಜಾರಿಹೋಗುತ್ತೆ ಎಂದು ಹೆದರುವ ಅಜ್ಜಿಗೆ ಇದು ಬೇಗ ಅರ್ಥವಾಗುತ್ತೆ ಅನ್ನುವುದು ನನ್ನ ನಂಬಿಕೆ. ಅಲ್ಲದೆ ಮೇಲೆ ಹೇಳಿದ್ದನ್ನೆಲ್ಲ ನೀವು ಮಾಡಿಸುವುದು ಕನ್ನಡದಲ್ಲೇ ಅಲ್ವಾ?

ಒಂದು ಹೇಳುವುದು ಬಿಟ್ಟಿದ್ದೆ. ವಾರಿಂಗ್ ಕಾಲದಲ್ಲೇ ಲೈರ್‌ಬರ್ಡ್ ಗಂಡು ಹಕ್ಕಿ ಬಾಲ ಬಿಚ್ಚಿ ಕುಣಿಯುತ್ತೆ, ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತೆ. ಡ್ಯಾಂಡೆನಾಂಗ್ ಬೆಟ್ಟದ ಶೆರ್ಬ್ರೂಕ್ ಕಾಡಿನಲ್ಲಿ ಸುಮ್ನೆ ಕೂತರೆ ಕೇಳಿಸುವ ಸಾಧ್ಯತೆ ಇದೆ. ಎಷ್ಟು ಹಕ್ಕಿಗಳ ದನಿ ಬಂತು ಅಂತ ಅಜ್ಜಿ ಮೊಮ್ಮಗಳು ಬೆರಳಲ್ಲಿ ಎಣಿಸಲಿ. ಅತ್ತೆಗೆ ಸ್ವೆಟರ್, ಮಫ್ಲರ್ ಎರಡೂ ಹಾಕಿಸಿ. ಬೆಳಿಗ್ಗೆ ಅಲ್ಲಿ ಚಳಿ ಜಾಸ್ತಿ.

– ಸಂಪಾದಕ