ಅಂಜನಾದ್ರಿ ಇಳಿಯುವಾಗ ಮಂಡಿ ನೋವು, ತೂಕವೂ ಇಳಿದಿಲ್ಲ: ಪ್ರತಿಕ್ರಿಯೆ

ತೂಕ ಇಳಿಸಲು ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತಿ ಇಳಿಯುತ್ತಿದ್ದೀನಿ, ಇಳಿಯುವಾಗ ಮಂಡಿ ನೋಯುತ್ತೆ, ತೂಕವೂ ಇಳಿದಿಲ್ಲ ಅಂತ ಬರೆದಿದ್ದೀರಿ. ಇಳಿಯುವಾಗ ಮಾತ್ರ ನೋವು, ಅದೂ ಮಂಡಿಚಿಪ್ಪಿನ ಸುತ್ತ ಅಂದ್ರೆ ಬಹುಶಃ ತೊಡೆಯ ಮುಂಭಾಗದ ಸ್ನಾಯು ಇನ್ನೂ ತಯಾರಾಗಿಲ್ಲ. ಹತ್ತುವಾಗ ದಮ್ಮು ಕಟ್ಟುತ್ತದೆ, ಇಳಿಯುವಾಗ ಆರಾಮ ಅನಿಸುತ್ತದೆ ಅಲ್ವಾ? ಮಂಡಿಗೆ ಅದು ಉಲ್ಟಾ. ಪ್ರತಿ ಮೆಟ್ಟಿಲಿಗೂ ಇಡೀ ಮೈಭಾರವನ್ನು ಒಂದೇ ಕಾಲು ತಡೆದು ಇಳಿಸಬೇಕು. ಶುರುವಿಗೇ 575 ಮೆಟ್ಟಿಲು, ವಾರಕ್ಕೆ 6 ದಿನ ಅಂದ್ರೆ ಜಾಸ್ತಿಯೇ ಆಯಿತು.

ಮೊದಲು ಎರಡು ವಾರ ಬೆಟ್ಟ ಬಿಡಿ. ಬಿಸಿಲೇರುವ ಮುಂಚೆ ಸಮತಟ್ಟಾದ ದಾರಿಯಲ್ಲಿ 30 ನಿಮಿಷ ನಡೆಯಿರಿ. ದಿನ ಬಿಟ್ಟು ದಿನ ಕುರ್ಚಿಯಿಂದ ಎದ್ದು ಕೂರುವುದು, 10 ಸಲದಂತೆ 3 ಸುತ್ತು. ಕೈ ಎದೆ ಮೇಲಿರಲಿ. ಕೂರುವಾಗ ಧೊಪ್ಪನೆ ಬೀಳಬೇಡಿ, ಮನಸ್ಸಲ್ಲೇ ಮೂರು ಎಣಿಸುತ್ತಾ ಇಳಿಯಿರಿ. ಫಲ ಇರೋದೇ ಆ ಮೂರು ಎಣಿಕೆಯಲ್ಲಿ. ಅದು ಸಲೀಸಾದ ಮೇಲೆ ಮನೆ ಮುಂದಿನ ಒಂದೇ ಮೆಟ್ಟಿಲಿಂದ ನಿಧಾನ ಇಳಿಯುವುದು, ಒಂದೊಂದು ಕಾಲಿಗೆ 8 ಸಲ. ಆಮೇಲೆ ಬೆಟ್ಟ ವಾರಕ್ಕೆ 2 ದಿನ, ಅದೂ ಅರ್ಧಕ್ಕೇ ವಾಪಸ್. ನನಗೆ ನೋವು ಹೋಗಲು ಐದಾರು ವಾರ ಹಿಡಿಯಿತು. ನಿಮಗೂ ಅಷ್ಟೇ ಅಂತ ಹೇಳಲಾರೆ.

ತೂಕದ ವಿಷಯಕ್ಕೆ ಬಂದರೆ, ಬೆಟ್ಟ ಇಳಿದ ಮೇಲೆ "ಒಂದೇ ಪ್ಲೇಟ್" ಒಗ್ಗರಣೆ-ಮಿರ್ಚಿ (ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ) ಅಂದಿದ್ದೀರಲ್ಲ, ಅನುಮಾನ ಅದರ ಮೇಲೇ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ, ಎಣ್ಣೆಯಲ್ಲಿ ಕರಿದ ಮಿರ್ಚಿ ಸುಮ್ನೆ ಬಿಡುತ್ತಾ? ವಾರಕ್ಕೊಮ್ಮೆ ತಿನ್ನಿ. ಉಳಿದ ದಿನ ಮನೆಗೆ ಬಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ.

ಮಂಡಿ ಊದಿಕೊಂಡರೆ, ಮಡಚಲು ಬಾರದೆ ಹಿಡಿದುಕೊಂಡರೆ ಅಥವಾ ಮಲಗಿದಾಗಲೂ ನೋವಿದ್ದರೆ ಇದೆಲ್ಲ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.