ಮಾಗಿಯ ಚಳಿ, ಹಳೆಯ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಎಳ್ಳಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮನೆ ತಂಪಾಗಿಸುವುದು ಹೇಗೆಂದು ಕೇಳಿದ ಓದುಗರೇ ಈಗ ಬೆಚ್ಚಗಾಗಿಸುವುದು ಹೇಗೆಂದು ಕೇಳುತ್ತಿದ್ದಾರೆ. ಈ ಸಲ ಅಂಥ ನಾಲ್ಕು ಪತ್ರಗಳನ್ನು ಮಾತ್ರ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡಡಿ ದಪ್ಪವಿದ್ದರೂ ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಪಡಸಾಲೆಯಲ್ಲಿ ಮಲಗಲಾಗುವುದಿಲ್ಲ. ತಲಬಾಗಿಲ ಕೆಳಗಿನಿಂದಲೂ ಕಿಟಕಿ ಚೌಕಟ್ಟುಗಳ ಪಕ್ಕದಿಂದಲೂ ಗಾಳಿ ಸುಯ್ಯೆಂದು ನುಗ್ಗುತ್ತದೆ. ಚಳಿಗೆ ಹೆದರಿ ಹಗಲೆಲ್ಲ ಬಾಗಿಲು ಮುಚ್ಚಿಕೊಂಡೇ ಇರುತ್ತೇವೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ದಾರಿ ತಿಳಿಸಿ.
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನಮ್ಮ ಗಮನ ಸೆಳೆದದ್ದು ಸಂದುಗಳಿಗಿಂತ ಹೆಚ್ಚಾಗಿ ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿರುತ್ತೇವೆ ಎಂಬ ಮಾತು. ನಮ್ಮ ಸೀಮೆಯ ಚಳಿ ಇರುಳಿನ ಚಳಿ. ನಸುಕಿನಲ್ಲಿ ಹನ್ನೆರಡು ಹದಿಮೂರು ಡಿಗ್ರಿಗೆ ಇಳಿದ ಗಾಳಿಯೇ ಮಧ್ಯಾಹ್ನದ ಹೊತ್ತಿಗೆ ಮೂವತ್ತರ ಆಸುಪಾಸಿಗೆ ಏರಿರುತ್ತದೆ. ಅಂದರೆ ಮನೆಯನ್ನು ಬೆಚ್ಚಗಿಡಲು ಬೇಕಾದ ಶಾಖ ದಿನವೂ ಅಂಗಳಕ್ಕೆ ಬಂದು ನಿಂತಿರುತ್ತದೆ; ಅದನ್ನು ಒಳಗೆ ಕರೆದುಕೊಳ್ಳದೆ ನೀವು ಬಾಗಿಲು ಹಾಕಿಕೊಂಡಿದ್ದೀರಿ. ಎರಡಡಿಯ ಮಣ್ಣಿನ ಗೋಡೆ ನಿಧಾನವಾಗಿ ಕಾಯುತ್ತದೆ, ಅಷ್ಟೇ ನಿಧಾನವಾಗಿ ಆರುತ್ತದೆ. ಹಗಲು ಕುಡಿದ ಬಿಸಿಯನ್ನು ಅದು ರಾತ್ರಿ ಹೊತ್ತು ಕೋಣೆಗೆ ಬಿಡಬೇಕು. ಹಗಲು ಏನನ್ನೂ ಕುಡಿಯದ ಗೋಡೆ ರಾತ್ರಿ ಕೊಡುವುದಾದರೂ ಏನನ್ನು? ಹಲವು ಮನೆಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಕಸ ಹೊಡೆಯುವಾಗ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಬಿಸಿಲೇರಿದ ಮೇಲೆ ಮುಚ್ಚುವ ರೂಢಿಯಿದೆ. ಬೇಸಿಗೆಗೆ ಅದು ಸರಿ, ಮಾಗಿಗೆ ತಲೆಕೆಳಗು. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಎಲ್ಲವನ್ನೂ ಅಗಲವಾಗಿ ತೆರೆದಿಡಿ. ನಾಲ್ಕೂವರೆಗೆ, ಬಿಸಿಲಿನ ಕಾವು ಇಳಿಯುವ ಮೊದಲೇ, ಎಲ್ಲವನ್ನೂ ಭದ್ರವಾಗಿ ಮುಚ್ಚಿ. ದೀಪ ಹಚ್ಚಿದ ಮೇಲೆ ಮುಚ್ಚಿದರೆ ಆ ಹೊತ್ತಿಗೆ ಶಾಖದ ದೊಡ್ಡ ಪಾಲು ಹೊರಟುಹೋಗಿರುತ್ತದೆ.

ದಕ್ಷಿಣದ ಕಿಟಕಿಗಳಿಗೆ ಈ ಕಾಲದಲ್ಲಿ ವಿಶೇಷ ಬೆಲೆಯಿದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ನೆತ್ತಿಗೆ ಬಾರದೆ, ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿ ನಿಂತಿರುತ್ತಾನೆ. ದಕ್ಷಿಣ ಕಿಟಕಿಯ ಮುಂದೆ ಒಟ್ಟಿದ ಕಟ್ಟಿಗೆಯನ್ನೋ ನಿಲ್ಲಿಸಿದ ಮಂಚವನ್ನೋ ಎರಡು ತಿಂಗಳ ಮಟ್ಟಿಗೆ ಬೇರೆಡೆಗೆ ಸರಿಸಿದರೆ ಬಿಸಿಲು ನೆಲದ ಮೇಲೆಯೇ ಬೀಳುತ್ತದೆ. ಹಾಸಿಗೆಯನ್ನು ಪಡುವಣ ಗೋಡೆಯ ಕಡೆಗೆ ತನ್ನಿ. ಇಳಿಹೊತ್ತಿನ ಬಿಸಿಲು ಹೊಡೆದ ಗೋಡೆ ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಈ ಕಾಲದ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಮೂಡಣ ಗೋಡೆಯ ಬದಿ ಮಲಗುವುದು ಒಳ್ಳೆಯದಲ್ಲ.

ಇನ್ನು ಸಂದುಗಳ ವಿಚಾರ. ಬೆಚ್ಚನೆಯ ಗಾಳಿ ಹಗುರವಾದ್ದರಿಂದ ಮೇಲೇರಿ ಬೆಳಕಿಂಡಿಯಿಂದಲೂ ಜಂತಿಯ ಸಂದಿನಿಂದಲೂ ಹೊರಹೋಗುತ್ತದೆ, ತೆರವಾದ ಜಾಗಕ್ಕೆ ತಣ್ಣನೆಯ ಗಾಳಿ ಬಾಗಿಲ ಕೆಳಗಿನಿಂದ ಒಳಬರುತ್ತದೆ. ಆದ್ದರಿಂದ ಮೇಲಿನ ಕಿಂಡಿಯನ್ನು ಹಾಗೆಯೇ ಬಿಟ್ಟು ಕೆಳಗಿನ ಸಂದಿಗಷ್ಟೇ ಬಟ್ಟೆ ತುರುಕಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಮೂರೂವರೆ ಅಡಿ ಅಗಲದ ತಲಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದಿದ್ದರೆ, ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದಂತೆಯೇ ಸರಿ. ಗಾಳಿ ಎಲ್ಲೆಲ್ಲಿ ನುಸುಳುತ್ತದೆ ಎಂದು ತಿಳಿಯಲು, ನಸುಕಿನಲ್ಲಿ ಫ್ಯಾನ್ ನಿಲ್ಲಿಸಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಸರಿಸಿ. ಹೊಗೆ ನೆಟ್ಟಗೆ ಏರದೆ ಎಲ್ಲಿ ಬಾಗುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಇಪ್ಪತ್ತು ಗುರುತುಗಳಾದರೂ ಗಾಬರಿಯಾಗಬೇಡಿ, ದೊಡ್ಡ ಐದಾರನ್ನು ಮುಚ್ಚಿದರೆ ವ್ಯತ್ಯಾಸ ಆ ರಾತ್ರಿಯೇ ತಿಳಿಯುತ್ತದೆ.

ತಲಬಾಗಿಲಿಗೆ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಸಾಕು. ಬಾಗಿಲಿನ ಅಗಲಕ್ಕೆ ಸಾಲದಿದ್ದರೆ ಎರಡನ್ನು ಜೋಡಿಸಿ ಹೊಲಿದು, ಒಣ ಮರಳು ತುಂಬಿ, ಬಾಯಿ ಕಟ್ಟಿ ಹೊಸ್ತಿಲಿಗೆ ಒತ್ತಿ ಇಡಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಕತ್ತರಿಸಿ ಉಳಿದ ದಪ್ಪ ಬಟ್ಟೆಯ ತುಂಡುಗಳು ಸಿಗುತ್ತವೆ. ಅಲ್ಲಿ ನೆಂಟರಿದ್ದರೆ ಒಂದು ಚೀಲ ತರಿಸಿಕೊಳ್ಳಿ, ಕಿಟಕಿಯ ಅಂಚುಗಳಿಗೂ ಆಗುತ್ತದೆ. ಭತ್ತದ ಹೊಟ್ಟು ತುಂಬಲು ಹೋಗಬೇಡಿ, ಅದರಲ್ಲಿ ಉಳಿದ ನುಚ್ಚಿಗೆ ಇಲಿ, ಇರುವೆ ಬರುತ್ತವೆ. ಮರಳಿನ ಚೀಲ ಚೇಳಿಗೂ ಅಡ್ಡವಾಗುತ್ತದೆ ಎಂಬುದು ಬೋನಸ್.

ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕನ್ನು ಮಣ್ಣಿನಿಂದಲೇ ತುಂಬಿ, ಆದರೆ ಹೊಲದ ಎರೆಮಣ್ಣಿನಿಂದಲ್ಲ. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ತುಂಬಿದ ವಾರದಲ್ಲೇ ಮತ್ತೆ ಬಾಯಿ ಬಿಡುತ್ತದೆ. ಕೆಮ್ಮಣ್ಣಿಗೆ ಗರಸು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಕಲಸಿ, ಎರಡು ದಿನ ಕೊಳೆಯಿಟ್ಟು ಮೆತ್ತಬೇಕು. ಸಿಮೆಂಟ್ ಬೇಡ. ಮಣ್ಣಿನ ಗೋಡೆಯನ್ನು ಅದು ಹಿಡಿದುಕೊಳ್ಳುವುದಿಲ್ಲ, ಒಳಗಿನ ತೇವವನ್ನು ಆರಲು ಬಿಡುವುದೂ ಇಲ್ಲ. ತೇವದ ಗೋಡೆ ಒಣ ಗೋಡೆಗಿಂತ ತಣ್ಣಗಿರುತ್ತದೆ. ಮಾಳಿಗೆಯ ಮೇಲಿನ ಚೌಳು ಮಣ್ಣು ಮಳೆಗೆ ಕೊಚ್ಚಿಹೋಗಿದ್ದರೆ ಅಲ್ಲೂ ಒಂದು ಪದರ ಹಾಕಿಸಬೇಕು, ಆದರೆ ಅದು ಈ ಎರಡು ಸಾವಿರದಲ್ಲಿ ಮುಗಿಯುವ ಕೆಲಸವಲ್ಲ. ಬೇಸಿಗೆಯಲ್ಲಿ, ಮಳೆಗಾಲಕ್ಕೆ ಮುಂಚೆ, ಅದನ್ನು ಮಾಡಿಸಿ.

ಬೆಳಕಿಂಡಿಯನ್ನು ಶಾಶ್ವತವಾಗಿ ಮುಚ್ಚುವುದು ನಮಗೆ ಒಪ್ಪಿಗೆಯಿಲ್ಲ. ಮನೆ ಕತ್ತಲಾಗುತ್ತದೆ, ಬೇಸಿಗೆಯಲ್ಲಿ ಬಿಸಿ ಹೊರಗೆ ಹೋಗಲು ದಾರಿಯೂ ಇರುವುದಿಲ್ಲ. ಪಡಸಾಲೆಯ ಕಿಂಡಿಗೆ ಹಳೆಯ ಗಾಜಿನ ತುಂಡನ್ನು ಕೂರಿಸಿ ಅಂಚಿಗೆ ಮಣ್ಣು ಮೆತ್ತಿದರೆ ಬೆಳಕು ಬರುತ್ತದೆ, ಶಾಖ ನಿಲ್ಲುತ್ತದೆ. ಅಡುಗೆ ಮನೆಯ ಹೊಗೆಗಿಂಡಿಯನ್ನು ಮಾತ್ರ ಮುಟ್ಟಬೇಡಿ. ಒಲೆಯ ಬದಲು ಗ್ಯಾಸ್ ಬಂದಿದ್ದರೆ ಇನ್ನೊಂದು ಎಚ್ಚರಿಕೆಯೂ ಬೇಕು: ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆಯೇ ಹರಡುತ್ತದೆ, ಹಾಗಾಗಿ ಅಡುಗೆ ಮನೆಯಿಂದ ಹೊರಗೆ ತೆರೆಯುವ ಬಾಗಿಲ ಕೆಳಗಿನ ಸಂದು ಹಾಗೆಯೇ ಇರಲಿ.

ಪ್ರಶ್ನೆ: ಬಳ್ಳಾರಿಯಲ್ಲಿ ತಗಡಿನ ಮೇಲ್ಛಾವಣಿಯ ಬಾಡಿಗೆ ಮನೆಯಲ್ಲಿದ್ದೇವೆ. ರಾತ್ರಿ ಹೊರಗಿಗಿಂತ ಒಳಗೇ ಹೆಚ್ಚು ಚಳಿ ಎನಿಸುತ್ತದೆ. ಬೆಳಿಗ್ಗೆ ತಗಡಿನಿಂದ ನೀರು ತೊಟ್ಟಿಕ್ಕುತ್ತದೆ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ.
— ಓದುಗರು, ಬಳ್ಳಾರಿ

ಉತ್ತರ: ನಿಮಗೆ ಅನಿಸಿದ್ದು ಭ್ರಮೆಯಲ್ಲ. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನವರ ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ, ಅದನ್ನೇ ನಮ್ಮ ಜನ ತಗಡು ಬೆವರುತ್ತದೆ ಎನ್ನುವುದು. ಮಲಗಿದವರ ಮೈಯ ಬಿಸಿಯನ್ನೂ ಆ ತಣ್ಣನೆಯ ತಗಡು ಮೇಲಿನಿಂದ ಎಳೆದುಕೊಳ್ಳುತ್ತದೆ. ಆದ್ದರಿಂದ ತಗಡಿಗೂ ನಿಮಗೂ ನಡುವೆ ಒಂದು ಮರೆ ಬೇಕು.

ಮೊಳೆ ಹೊಡೆಯದೆಯೂ ಇದು ಸಾಧ್ಯ. ತಗಡನ್ನು ಹೊತ್ತ ಕಬ್ಬಿಣದ ಕೊಳವೆಗಳಿಗೆ ಅಡ್ಡಡ್ಡ ಹಗ್ಗ ಬಿಗಿದು, ತಗಡಿನಿಂದ ಗೇಣುದ್ದ ಕೆಳಗೆ ಈಚಲ ಚಾಪೆಗಳನ್ನೋ ಬಿದಿರಿನ ತಟ್ಟಿಯನ್ನೋ ಹರಡಿ. ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ. ಜಾತ್ರೆ, ಚುನಾವಣೆ ಮುಗಿದ ಮೇಲೆ ಸಿಗುವ ಫ್ಲೆಕ್ಸ್ ಬ್ಯಾನರನ್ನು ಚಾಪೆಯ ಮೇಲೆ ಹಾಸಿದರೆ ಹನಿಯುವ ನೀರೂ ಹಾಸಿಗೆಗೆ ಬೀಳುವುದಿಲ್ಲ. ಚಿತ್ರದ ಮುಖ ಮೇಲಕ್ಕಿರಲಿ, ರಾತ್ರಿಯೆಲ್ಲ ಯಾರದೋ ನಗುಮುಖ ನೋಡುತ್ತ ಮಲಗುವ ಶಿಕ್ಷೆ ಬೇಡ. ಥರ್ಮೋಕೋಲ್ ಅಗ್ಗವೆಂದು ಹಲವರು ಅದನ್ನೇ ಕಟ್ಟುತ್ತಾರೆ. ಅದಕ್ಕೆ ಬೆಂಕಿ ಬಹಳ ಬೇಗ ಹತ್ತುತ್ತದೆ, ಒಂದೇ ಕೋಣೆಯಲ್ಲಿ ಅಡುಗೆಯೂ ನಡೆಯುವ ಮನೆಗೆ ಅದು ಸಲ್ಲ. ಗೋಡೆಯ ತುದಿಗೂ ತಗಡಿನ ಅಲೆಗಳಿಗೂ ನಡುವೆ ಉಳಿಯುವ ಬಾಯಿಗಳಿಗೆ ಗೋಣಿಚೀಲದ ತುಂಡುಗಳನ್ನು ಸುರುಳಿ ಸುತ್ತಿ ತುರುಕಿ, ಒಲೆಯ ಮೇಲ್ಭಾಗದ ಎರಡು ಮೂರನ್ನು ಮಾತ್ರ ಬಿಡಿ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿದ ಮೇಲೆ ಚೀಲಗಳನ್ನು ತೆಗೆದುಬಿಟ್ಟರೆ, ಅದೇ ಚಾಪೆ ಬೇಸಿಗೆಯ ಬಿಸಿಲಿಗೂ ಮರೆಯಾಗುತ್ತದೆ.

ಅಷ್ಟೂ ಆಗದಿದ್ದರೆ ಸೊಳ್ಳೆ ಪರದೆಯ ನೆತ್ತಿಯ ಮೇಲೆ ಎರಡು ಹಳೆಯ ಸೀರೆಗಳನ್ನು ಮಡಿಸಿ ಹಾಸಿ, ಬದಿಗಳನ್ನು ಬಿಡಿ. ಮನೆಯೊಳಗೊಂದು ಪುಟ್ಟ ಡೇರೆಯಾಗುತ್ತದೆ. ಮಲಗಿದ ಮನುಷ್ಯನ ಮೈಯಿಂದ ಸುಮಾರು 70–80 ವ್ಯಾಟ್ ಶಾಖ ಹೊಮ್ಮುತ್ತದೆ, ಇಬ್ಬರು ಮಕ್ಕಳೊಡನೆ ತಾಯಿ ಮಲಗಿದರೆ ಆ ಡೇರೆಗೆ ಅದೇ ಸಾಕು.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆಯಿದೆ. ಹತ್ತಿ ಕಟ್ಟಿಗೆಯ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ಹೊರಸಿನ ಕೆಳಗೆ ಇಟ್ಟುಕೊಂಡು, ಬಾಗಿಲು ಹಾಕಿ ಮಲಗುತ್ತಾರೆ. ಹೊಗೆಯಿಲ್ಲವಲ್ಲ, ಏನಾಗುತ್ತದೆ ಎನ್ನುತ್ತಾರೆ. ಅವರಿಗೆ ಹೇಗೆ ಹೇಳಲಿ?
— ಓದುಗರು, ಮಾನ್ವಿ

ಉತ್ತರ: ಕೆಂಡವನ್ನು ಇಂದು ರಾತ್ರಿಯಿಂದಲೇ ನಿಲ್ಲಿಸಿ. ಹೊಗೆಯಿಲ್ಲ ಎಂಬುದೇ ಇಲ್ಲಿ ಮೋಸ. ಅರೆಬರೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ ಮೈಗೆ ಉಸಿರು ಸಿಗದಂತಾಗುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತವೆ, ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಮೇಲಿನ ಉತ್ತರಗಳಲ್ಲಿ ಸಂದು ಮುಚ್ಚಿ ಎಂದು ನಾವೇ ಹೇಳಿದ್ದೇವೆ. ಸಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಪಾಯ ಮತ್ತಷ್ಟು ಹೆಚ್ಚು. ಕೆಂಡ ಬೇಕೇ ಬೇಕೆಂದರೆ ಸಂಜೆ ಕಟ್ಟೆಯ ಮೇಲೆ, ಬಯಲಿನಲ್ಲಿ ಕಾಯಿಸಿಕೊಳ್ಳಲಿ, ಒಳಗೆ ತರುವುದು ಬೇಡ.

ಹೊರಸಿನ ಮೇಲೆ ಮಲಗುತ್ತಾರೆಂದು ಬರೆದಿದ್ದೀರಿ, ಚಳಿಯ ಮೂಲ ಅಲ್ಲೇ ಇರಬಹುದು. ಹೊರಸಿನ ಹೆಣಿಗೆಯ ಕೆಳಗೆ ಗಾಳಿ ಆಡುತ್ತಿರುತ್ತದೆ, ಬೆನ್ನಿನ ಬಿಸಿಯನ್ನು ಅದು ಒಯ್ಯುತ್ತಲೇ ಇರುತ್ತದೆ. ಮೇಲೆ ಮೂರು ಹೊದ್ದರೂ ಕೆಳಗೆ ಒಂದೇ ಹಾಸಿದರೆ ನಡುಕ ನಿಲ್ಲುವುದಿಲ್ಲ. ಹೆಣಿಗೆಯ ಮೇಲೆ ಮೊದಲು ಗೋಣಿಚೀಲ, ಅದರ ಮೇಲೆ ಕಂಬಳಿ, ಅದರ ಮೇಲೆ ಕೌದಿ ಹಾಸಿ. ಹೊದೆಯಲು ಇನ್ನೊಂದು ಕೌದಿ, ಅದರ ಮೇಲೊಂದು ಕಂಬಳಿ. ನಮ್ಮ ಕೌದಿಯ ಗುಟ್ಟು ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿದೆ, ಹಾಗಾಗಿ ವರ್ಷಗಟ್ಟಲೆ ತುಳಿದು ಹಲಗೆಯಂತಾದ ಕೌದಿಗಿಂತ ಹೊಸದಾಗಿ ಹೊಲಿದದ್ದು ಬೆಚ್ಚಗಿರುತ್ತದೆ. ಹತ್ತಿಯ ಗಾದಿ ಗಂಟುಗಟ್ಟಿದ್ದರೆ ಹೊಸದನ್ನು ಕೊಳ್ಳಬೇಕಿಲ್ಲ, ಹಿಂಜಿಸಿ ತುಂಬಿಸಿದರೆ ಸಾಕು. ಹಾಸಿಗೆಯನ್ನು ದಿನವೂ ಮಧ್ಯಾಹ್ನ ಬಿಸಿಲಿಗೆ ಹಾಕಿ, ನಾಲ್ಕು ಗಂಟೆಗೆ ಒಳಗೆ ತಂದು ಸುತ್ತಿಡಿ. ನನ್ನ ಅಜ್ಜಿ ಇದನ್ನು ತಪ್ಪದೆ ಮಾಡುತ್ತಿದ್ದರು, ರಾತ್ರಿ ಒಳಗೆ ಕಾಲಿಟ್ಟರೆ ಬಿಸಿಲಿನ ವಾಸನೆ ಬರುತ್ತಿತ್ತು.

ಬಿಸಿನೀರಿನ ರಬ್ಬರ್ ಚೀಲವನ್ನು ಮಲಗುವ ಅರ್ಧ ಗಂಟೆ ಮೊದಲು ಹೊದಿಕೆಯೊಳಗೆ ಇಟ್ಟು, ತಾಯಿ ಮಲಗುವಾಗ ತೆಗೆದುಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರೆ, ಬೊಬ್ಬೆ ಎದ್ದರೂ ಅವರಿಗೆ ತಿಳಿಯದು. ಕಾಲುಚೀಲ, ತಲೆಗೊಂದು ಟೋಪಿ ಅಥವಾ ಸೆರಗು ಸಾಕು. ಹೇಗೆ ಹೇಳಲಿ ಎಂದು ಕೇಳಿದ್ದೀರಿ: ಬುಟ್ಟಿಯನ್ನು ಕಸಿದುಕೊಳ್ಳುವ ಮೊದಲು ಈ ಹಾಸಿಗೆಯನ್ನು ಹಾಸಿಕೊಡಿ, ಆಮೇಲೆ ಮಾತು ಸುಲಭವಾಗುತ್ತದೆ.

ಪ್ರಶ್ನೆ: ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಬರುತ್ತಿಲ್ಲ. ಹೀಗಿರುವಾಗ ಎರಡು ಸಾವಿರ ವ್ಯಾಟಿನ ಹೀಟರ್ ಕೊಳ್ಳಬಹುದಲ್ಲವೇ?
— ಓದುಗರು, ಸಿಂಧನೂರು

ಉತ್ತರ: ಲೆಕ್ಕ ಹಾಕಿ ನೋಡಿ. ಎರಡು ಸಾವಿರ ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ನುಂಗುತ್ತದೆ. ರಾತ್ರಿಗೆ ನಾಲ್ಕು ಗಂಟೆಯಂತೆ 8 ಯೂನಿಟ್, 25 ರಾತ್ರಿಗೆ 200 ಯೂನಿಟ್. ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಲಾಗಿದೆ. ಅದನ್ನು ಮೀರಿದ್ದಕ್ಕೆ ನೀವು ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಜೊತೆಗೆ ಇಂಥ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಗಳಲ್ಲಿ ಫ್ಯಾನು, ದೀಪಕ್ಕೆಂದು ಹಾಕಿದ ಸಣ್ಣ ಪ್ಲಗ್ಗು, ತೆಳು ತಂತಿ ಅದನ್ನು ತಾಳುವುದಿಲ್ಲ. 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು ಮತ್ತು ಅರ್ಥಿಂಗ್ ಬೇಕು. ಸಂದು ಮುಚ್ಚದ ಮನೆಯಲ್ಲಿ ಹೀಟರ್ ಹಚ್ಚುವುದೆಂದರೆ ತೂತು ಬಿದ್ದ ಹಂಡೆಗೆ ನೀರು ಸೇದಿದಂತೆ. ಮೊದಲು ಊದುಬತ್ತಿ ಹಚ್ಚಿ ಸಂದು ಹುಡುಕಿ, ಹಾಸಿಗೆ ಸರಿಪಡಿಸಿ. ಅದರ ನಂತರವೂ ಕೂಸಿನ ಸ್ನಾನಕ್ಕೋ ಬಾಣಂತಿ ಕೋಣೆಗೋ ಬೇಕೆನಿಸಿದರೆ, ಸಾವಿರ ವ್ಯಾಟಿನದನ್ನು ಕೊಂಡು ಅರ್ಧ ಗಂಟೆ ಹಚ್ಚಿ, ಬಟ್ಟೆಬರೆಯಿಂದ ಮೂರಡಿ ದೂರವಿಟ್ಟು, ಮಲಗುವ ಮೊದಲು ಪ್ಲಗ್ಗಿನಿಂದಲೇ ಕಿತ್ತಿಡಿ.