‘ಸೈನ್ಸ್ ತಗೋ, ಖರ್ಚು ಕಂಪನಿಯದು’: ಹತ್ತನೇ ತರಗತಿಯ ಹುಡುಗಿಯೊಬ್ಬಳ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಸವಿತಾ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಳು, ಕನ್ನಡ ಮಾಧ್ಯಮ. ಅಪ್ಪ ಹತ್ತಿರದ ಕೈಗಾರಿಕಾ ಪ್ರದೇಶದ ಬಿಡಿಭಾಗ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅದೇ ಕಾರ್ಖಾನೆ ಸಿಎಸ್ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಮೀಸಲಿಡುವ) ಹಣದಲ್ಲಿ ಶಾಲೆಗೆ ಲ್ಯಾಬ್ ಸಾಮಾನು ಕೊಟ್ಟಿತ್ತು. ಅಲ್ಲಿನ ಎಂಜಿನಿಯರ್‌ಗಳು ಬಂದು ಪಿಯುಸಿಯಲ್ಲಿ ಗಣಿತ, ವಿಜ್ಞಾನ ತೆಗೆದುಕೊಳ್ಳುವಂತೆ ಮಕ್ಕಳನ್ನು ಹುರಿದುಂಬಿಸುತ್ತಿದ್ದರು. ಪ್ರಿಪರೇಟರಿಯಲ್ಲಿ ಗಣಿತದಲ್ಲಿ 80ಕ್ಕೆ 61, ವಿಜ್ಞಾನದಲ್ಲಿ 64 ತೆಗೆದ ಸವಿತಾಳನ್ನು ಕಂಪನಿ ಆರಿಸಿತು. ತಾವು ಹೇಳಿದ ಖಾಸಗಿ ಪಿಯು ಕಾಲೇಜಿನಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಸೇರಿದರೆ ಶುಲ್ಕ, ಪುಸ್ತಕ, ಬಸ್ ಖರ್ಚು ಎಲ್ಲ ಅವರದು. ಪ್ರತಿ ಕಿರುಪರೀಕ್ಷೆಯಲ್ಲೂ ಶೇ. 60 ಬರಬೇಕು ಎಂಬುದು ಷರತ್ತು.

ಅದಾದ ಮೇಲೆ ಹುಡುಗಿ ಊಟ ಕಡಿಮೆ ಮಾಡಿದಳು, ತಲೆನೋವು ಅಂತ ಶಾಲೆ ತಪ್ಪಿಸಿದಳು. ಕ್ಲಾಸ್ ಟೀಚರ್ ಆಪ್ತಸಲಹೆಗೆ ಕಳಿಸಿದಾಗ ಅವಳು ಹೇಳಿದ್ದು ಒಂದೇ ಮಾತು: “ನಂಗೆ ಸೈನ್ಸ್ ಆಗಲ್ಲ ಮಿಸ್. ಆದ್ರೆ ಬೇಡ ಅನ್ನಂಗಿಲ್ಲ.”

ಈ ಎರಡು ವಾಕ್ಯಗಳನ್ನು ಬೇರೆಬೇರೆಯಾಗಿ ಕೈಗೆತ್ತಿಕೊಳ್ಳಬೇಕಾಯಿತು. ‘ಆಗಲ್ಲ’ ಎನ್ನುವುದು ನಿಜವೋ ಭಯವೋ ಎಂದು ಪರೀಕ್ಷಿಸಿ ನೋಡಬಹುದು. ‘ಬೇಡ ಅನ್ನಂಗಿಲ್ಲ’ ಎನ್ನುವುದು ಮನೆಯ ಮಾತು.

ಆಗುತ್ತದೋ ಇಲ್ಲವೋ

ಎಸ್ಎಸ್ಎಲ್‌ಸಿ ಅಂಕ ನೋಡಿ ಪಿಯು ವಿಜ್ಞಾನಕ್ಕೆ ತಯಾರಿದ್ದಾರೋ ಇಲ್ಲವೋ ಎಂದು ಹೇಳಲಾಗದು. ಪ್ರಮೇಯ ಬಾಯಿಪಾಠ ಮಾಡಿ, ಮತ್ತೆಮತ್ತೆ ಬರುವ ಲೆಕ್ಕಗಳನ್ನು ರೂಢಿಸಿಕೊಂಡು 60 ದಾಟುವ ಮಕ್ಕಳು ಬಹಳ. ಪಿಯುಸಿ ಭೌತಶಾಸ್ತ್ರದಲ್ಲಿ ಆರಂಭದಲ್ಲೇ ಸದಿಶಗಳು (ವೆಕ್ಟರ್) ಬರುತ್ತವೆ, ಅದಕ್ಕೆ ತ್ರಿಕೋನಮಿತಿ ಕೈವಶವಾಗಿರಬೇಕು. ರಸಾಯನಶಾಸ್ತ್ರ ಮೋಲ್ ಲೆಕ್ಕದಿಂದ ಶುರು, ಅಲ್ಲಿ ಅನುಪಾತ ಗೊತ್ತಿಲ್ಲದವರು ಮೊದಲ ತಿಂಗಳಲ್ಲೇ ಹಿಂದೆ ಬೀಳುತ್ತಾರೆ.

ಹಾಗಾಗಿ ಅವಳಿಗೆ ಹತ್ತು ಲೆಕ್ಕಗಳ ಹಾಳೆ ಕೊಡಲಾಯಿತು: ಋಣ ಚಿಹ್ನೆ ಇರುವ ಭಿನ್ನರಾಶಿ, ಅಪವರ್ತನ, ಎರಡು ಚರಾಕ್ಷರಗಳ ಸಮೀಕರಣ, ಸೂತ್ರವೊಂದರಿಂದ ಬೇಕಾದ ಅಕ್ಷರವನ್ನು ಬಿಡಿಸಿ ತೆಗೆಯುವುದು, ಅನುಪಾತ, ನಕ್ಷೆ ಓದುವುದು, ಸೈನ್-ಕಾಸ್ ಬಳಸಿ ಎತ್ತರ ಕಂಡುಹಿಡಿಯುವುದು. ಸಮಯದ ಮಿತಿ ಇಲ್ಲ. ಕನ್ನಡದ ಹಾಳೆಯಲ್ಲಿ ಎಂಟು ಸರಿಯಾದವು. ಪಿಯು ವಿಜ್ಞಾನದ ಪಾಠ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಸಂಖ್ಯೆ ಮಾತ್ರ ಬದಲಿಸಿದ ಇಂಗ್ಲಿಷ್ ಹಾಳೆಯನ್ನೂ ಕೊಟ್ಟೆವು. ಅದರಲ್ಲಿ ನಾಲ್ಕು. ತಪ್ಪಿದವು ಹೆಚ್ಚಾಗಿ ವಾಕ್ಯರೂಪದ ಲೆಕ್ಕಗಳೇ. ‘ರೆಸ್ಪೆಕ್ಟಿವ್ಲಿ’, ‘ಪರ್ಪೆಂಡಿಕ್ಯುಲರ್’ ಬಂದ ಕಡೆ ಪೆನ್ನು ನಿಂತಿತ್ತು.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅವಳಿಗೇ ತೋರಿಸಿದೆವು. ಹೊಗಳಿಕೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಅಡ್ಡ ಬಂದಿರುವುದು ಗಣಿತ ಅಲ್ಲ, ಭಾಷೆ ಎಂದು ಅವಳ ಕೈಬರಹವೇ ಹೇಳುತ್ತಿತ್ತು.

ಬೇಡ ಅನ್ನಲಾಗದ್ದು

ಅಪ್ಪ-ಅಮ್ಮನನ್ನು ಭಾನುವಾರ ಕರೆಸಲಾಯಿತು. ಶಿಫ್ಟ್ ಕೆಲಸದವರನ್ನು ವಾರದ ದಿನ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ. “ಮೇಡಂ, ಅನ್ನ ಕೊಡೋ ಜಾಗ ಅದು,” ಎಂದರು ಅಪ್ಪ. “ಸಾಹೇಬ್ರೇ ಕರ್ದು ಹೇಳವ್ರೆ. ಬ್ಯಾಡ ಅಂದ್ರೆ ನಾಳೆ ಅವ್ರ ಮುಖ ಹೆಂಗ್ ನೋಡ್ಲಿ?” ಅಮ್ಮ ತಡೆದರು: “ಓದೋಳು ಅವ್ಳು ಕಣ್ರಿ, ನಿಮ್ ಸಾಹೇಬ್ರಲ್ಲ.”

ಉದ್ಯಮಗಳ ಶಾಲಾ ಯೋಜನೆಗಳಲ್ಲಿ ಹೆಚ್ಚು ಗಮನಕ್ಕೆ ಬಾರದ ತೊಡಕು ಇದು. ಪ್ರೋತ್ಸಾಹ ಕೊಡುವವರೂ ಅಪ್ಪನ ಕೆಲಸದ ಮೇಲ್ವಿಚಾರಕರೂ ಒಬ್ಬರೇ ಆದಾಗ ಸಲಹೆ ಆಜ್ಞೆಯಂತೆ ಕೇಳಿಸುತ್ತದೆ. ಯಾರೂ ಕೆಟ್ಟವರಲ್ಲದಿದ್ದರೂ ಮಗುವಿಗೆ ಉಸಿರು ಕಟ್ಟುತ್ತದೆ. ಅಪ್ಪನ ಒಪ್ಪಿಗೆ ಪಡೆದು ಮುಖ್ಯಶಿಕ್ಷಕರ ಮೂಲಕ ಕಂಪನಿಗೆ ಪತ್ರ ಹೋಯಿತು: ವಿದ್ಯಾರ್ಥಿವೇತನದ ಮಾತು ಇನ್ನು ಶಾಲೆಯಲ್ಲಿ ಮಾತ್ರ ನಡೆಯಬೇಕು, ಕಾರ್ಖಾನೆಯೊಳಗೆ ಪೋಷಕರನ್ನು ಕರೆದು ಮಾತಾಡಬಾರದು, ಮಗು ಬೇಡ ಎಂದರೆ ಕಾರಣ ಕೇಳಬಾರದು. ಮೂರನ್ನೂ ಅವರು ಒಪ್ಪಿ ಬರೆದುಕೊಟ್ಟರು. ಅಂದಿನಿಂದ ಸವಿತಾ ಮಾತಾಡುವ ರೀತಿಯೇ ಬದಲಾಯಿತು. ‘ಆಗಲ್ಲ’ ಹೋಗಿ ‘ಯಾವುದು ತಗೊಂಡ್ರೆ ಏನಾಗುತ್ತೆ’ ಬಂತು.

ಕೊಟ್ಟ ಸಲಹೆ

ಮೊದಲು ಹಣದ ಲೆಕ್ಕ. ಸವಿತಾ ಎಂಟನೇ ತರಗತಿಯಲ್ಲಿ ಎನ್ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಪಾಸಾಗಿದ್ದಳು. ಅದರಲ್ಲಿ ವರ್ಷಕ್ಕೆ 12,000 ರೂಪಾಯಿ ಹನ್ನೆರಡನೇ ತರಗತಿಯವರೆಗೆ ಬರುತ್ತದೆ. ಹತ್ತರಲ್ಲಿ ಶೇ. 60 ಬರಬೇಕು (ಪರಿಶಿಷ್ಟರಿಗೆ ಶೇ. 55), ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲೇ ಓದಬೇಕು, ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಪದವಿ ಅಥವಾ ಡಿಪ್ಲೊಮಾ ಓದುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ, ಆದರೆ ಹತ್ತು ಮತ್ತು ಹನ್ನೆರಡು ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿರಬೇಕು. ಅಂದರೆ ಕಂಪನಿ ಹೇಳಿದ ಖಾಸಗಿ ಕಾಲೇಜಿಗೆ ಸೇರಿದರೆ ಎರಡು ವರ್ಷದ ಶುಲ್ಕ ಉಳಿಯುತ್ತದೆ, ಈ ಎರಡೂ ಬಾಗಿಲು ಮುಚ್ಚುತ್ತವೆ. ಕಂಪನಿಯವರಿಗೆ ಇದು ತಿಳಿದಿರಲಿಲ್ಲ. ಸರ್ಕಾರಿ ಪಿಯು ಕಾಲೇಜಿಗೆ ಸೇರಿದರೂ ನೆರವು ಕೊಡಿ ಎಂದು ಅವರನ್ನು ಕೇಳಿದೆವು, ಒಪ್ಪಿದರು.

ಬಸ್ ಖರ್ಚು ಬೇಕಿರಲಿಲ್ಲ, ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಹೆಣ್ಣುಮಕ್ಕಳಿಗೆ ಉಚಿತ. ಇಲ್ಲದ್ದು ಸಂಜೆ ಪ್ರಾಕ್ಟಿಕಲ್ ಮುಗಿದ ಮೇಲಿನ ಬಸ್ಸು. ಶಿಫ್ಟ್ ವ್ಯಾನಿನಲ್ಲಿ ಜಾಗ ಕೊಡಿ ಎಂದು ಬೇಡಿಕೆ ಬದಲಿಸಿದೆವು.

ಶೇ. 60ರ ಷರತ್ತನ್ನು ತೆಗೆಯಿರಿ ಎಂದು ಗಟ್ಟಿಯಾಗಿಯೇ ಹೇಳಲಾಯಿತು. ಕನ್ನಡ ಮಾಧ್ಯಮದಿಂದ ಬಂದವರ ಅಂಕ ಮೊದಲ ಕಿರುಪರೀಕ್ಷೆಯಲ್ಲಿ ಕುಸಿಯುವುದು ಸಾಮಾನ್ಯ. ಆಗಲೇ ಹಣ ನಿಂತರೆ ಮಗು ವಿಷಯವನ್ನೇ ಬಿಡುತ್ತದೆ, ಅಷ್ಟರಲ್ಲಿ ಬೇರೆ ವಿಭಾಗದ ಸೀಟು ತುಂಬಿರುತ್ತದೆ. ಹಾಜರಾತಿ, ಪೂರಕ ತರಗತಿಗೆ ಬಂದದ್ದು, ಇವನ್ನು ನೋಡಿ. ಅಂಕವನ್ನು ವಾರ್ಷಿಕ ಪರೀಕ್ಷೆಯಲ್ಲಿ ನೋಡಿ. ಸಿಎಸ್ಆರ್ ಬಜೆಟ್ ಮಾರ್ಚ್ 31ಕ್ಕೆ ಮುಗಿಯುವುದರಿಂದ ಎರಡನೇ ವರ್ಷದ ನೆರವು ತಪ್ಪುವ ಅಪಾಯವೂ ಇದೆ. ಕಂಪನಿ ಕಾಯ್ದೆಯ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ವರ್ಷ ನಡೆಯುವ ಯೋಜನೆಗೆ ಅವಕಾಶವಿದೆ. ಎರಡು ವರ್ಷವನ್ನೂ ಒಂದೇ ಪತ್ರದಲ್ಲಿ ಬರೆಸಿಕೊಳ್ಳಲು ಮುಖ್ಯಶಿಕ್ಷಕರಿಗೆ ಹೇಳಿದೆವು.

ಹಣ ಒಂದರಿಂದಲೇ ಮಕ್ಕಳು ಕಷ್ಟದ ವಿಷಯದಲ್ಲಿ ಉಳಿಯುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ 1996ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಖಾಸಗಿ ದಾನಿಗಳು ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆ ಪಾಸಾದ ಪ್ರೌಢಶಾಲಾ ಮಕ್ಕಳಿಗೂ ಅವರ ಶಿಕ್ಷಕರಿಗೂ ಹಣ ಕೊಟ್ಟರು. ಜೊತೆಗೆ ಶಿಕ್ಷಕರ ತರಬೇತಿ ಮತ್ತು ಹೆಚ್ಚುವರಿ ತರಗತಿ ಇತ್ತು. ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಅದನ್ನು ಅಧ್ಯಯನ ಮಾಡಿದಾಗ ಕಾಲೇಜಿಗೆ ಹೋಗುವವರು ಹೆಚ್ಚಿದ್ದು ಕಂಡಿತು. ಇದಕ್ಕೆ ಅಲ್ಲಿನ ಶಾಲಾ ಸಲಹೆಗಾರರು ಕೊಟ್ಟ ಕಾರಣಗಳಲ್ಲಿ ಮಕ್ಕಳಿಗೆ ಸಿಕ್ಕ ಮಾಹಿತಿ ಮತ್ತು ಆ ವಿಷಯಗಳ ಬಗ್ಗೆ ಶಾಲೆಯಲ್ಲಿ ಬದಲಾದ ಮನೋಭಾವ ಮುಖ್ಯ. ಆದ್ದರಿಂದ ಕಂಪನಿಗೆ ಹೇಳಿದ್ದು: ಭಾಷಣಕ್ಕೆ ಮ್ಯಾನೇಜರ್ ಬೇಡ, ಕನ್ನಡ ಮಾಧ್ಯಮದಲ್ಲಿ ಓದಿದ ಟೆಕ್ನಿಷಿಯನ್ ಹೆಣ್ಣುಮಗಳನ್ನು ಕಳಿಸಿ. ವರ್ನಿಯರ್ ಕ್ಯಾಲಿಪರ್ ತಂದು 0.02 ಮಿ.ಮೀ. ಅಳತೆಯನ್ನು ಮಕ್ಕಳ ಕೈಯಲ್ಲೇ ತೆಗೆಸಿ.

ಸವಿತಾಳಿಗೆ ಆಯ್ಕೆಗಳನ್ನು ಅವಳೇ ಬರೆದುಕೊಳ್ಳುವಂತೆ ವಿವರಿಸಲಾಯಿತು. ಪಿಸಿಎಂಸಿಯಲ್ಲಿ ಎಂಜಿನಿಯರಿಂಗ್ ಇದೆ, ಕೃಷಿ-ಪಶುವೈದ್ಯಕೀಯ ಕೈತಪ್ಪುತ್ತವೆ. ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿಯಲ್ಲಿ ಎರಡೂ ಉಳಿಯುತ್ತವೆ, ಓದಿನ ಹೊರೆ ಹೆಚ್ಚು. ಮೂರು ವರ್ಷದ ಡಿಪ್ಲೊಮಾ ಮಾಡಿ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರದ ಜೊತೆಗಿನ ಕಾಮರ್ಸ್ ಕೂಡ ಗಟ್ಟಿ ಓದೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗೆ ಸಿಇಟಿ ಮೂಲಕ ಸಿಗುವ ಎಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5 ಮೀಸಲಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆ ಬಿಡುವ ಮೊದಲೇ ಮಾಡಿಸಿಟ್ಟುಕೊಳ್ಳಲು ಹೇಳಿದೆವು.

ಅವಳು ಪಿಸಿಎಂಬಿ ಆರಿಸಿಕೊಂಡಳು, ಸರ್ಕಾರಿ ಕಾಲೇಜು. ಬೇಸಿಗೆ ರಜೆಗೆ ಒಂದೇ ಕೆಲಸ. ಹತ್ತನೇ ತರಗತಿಯ ಗಣಿತ-ವಿಜ್ಞಾನ ಪಠ್ಯಗಳು ಎನ್‌ಸಿಇಆರ್‌ಟಿ ಆಧಾರಿತವಾದ್ದರಿಂದ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿಗಳಲ್ಲಿ ಅದೇ ಪಾಠಗಳಿವೆ. ಎರಡನ್ನೂ ತೆರೆದಿಟ್ಟು ದಿನಕ್ಕೆ ಎರಡು ಪುಟ, ಹತ್ತು ಪದ, ಇಂಗ್ಲಿಷಿನಲ್ಲಿ ಮೂರು ಲೆಕ್ಕ.

ಮೊದಲ ಕಿರುಪರೀಕ್ಷೆಯಲ್ಲಿ ಜೀವಶಾಸ್ತ್ರ, ಗಣಿತ ಪರವಾಗಿಲ್ಲ, ಭೌತಶಾಸ್ತ್ರದಲ್ಲಿ ಬಹಳ ಕಡಿಮೆ ಬಂತು. ಉತ್ತರಪತ್ರಿಕೆ ತರಿಸಿ ನೋಡಿದರೆ ಸೂತ್ರಗಳು ಸರಿ, ಏಕಮಾನ ಬದಲಿಸುವಲ್ಲಿ ತಪ್ಪು. ಕಂಪನಿಯ ಶನಿವಾರದ ಪೂರಕ ತರಗತಿಯಲ್ಲಿ ಈಗ ಏಕಮಾನದ ಲೆಕ್ಕಗಳನ್ನೇ ಮಾಡಿಸುತ್ತಿದ್ದಾರೆ.